ಪ್ರಜಾಪ್ರಭುತ್ವದ ಕರಡು ಬರೆದ ಕರಾವಳಿಯ ಕಾನೂನು ಪಂಡಿತ ಸರ್ ಬಿ.ಎನ್. ರಾವ್

ಪ್ರತಿವರ್ಷ ಜನವರಿ 26 ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಧ್ವಜಾರೋಹಣ, ಮಕ್ಕಳಿಗೆ ಭಾಷಣ ಸ್ಪರ್ಧೆ, ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸನ್ಮಾನ ನಡೆಯುವುದು ವಾಡಿಕೆ. ಪ್ರಜಾಪ್ರಭುತ್ವ ಎಂದರೇನು ಎಂದು ಆ ವೇದಿಕೆಯ ಮೇಲೆ ನಿಂತ ಮಕ್ಕಳನ್ನು ಕೇಳಿದರೆ, ಚುನಾವಣೆ ಎಂಬ ಉತ್ತರ ಥಟ್ಟನೆ ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಐದು ವರ್ಷಕ್ಕೊಮ್ಮೆ ಮತ ಹಾಕುವುದು ಪ್ರಜಾಪ್ರಭುತ್ವದ ಒಂದು ಮುಖ ಮಾತ್ರ. ಕಾನೂನು ಯಾರು ಮಾಡಬೇಕು, ಆ ಕಾನೂನು ಯಾರನ್ನು ಕಟ್ಟಿಹಾಕಬೇಕು, ಗೆದ್ದವರ ಅಧಿಕಾರಕ್ಕೆ ಮಿತಿ ಎಲ್ಲಿ, ಸೋತವರಿಗೆ ಉಳಿಯುವ ಹಕ್ಕು ಯಾವುದು, ಇವೆಲ್ಲ ಸೇರಿದಾಗಲೇ ಪ್ರಜಾಪ್ರಭುತ್ವ.

ಈ ಪಾಠವನ್ನು ತಮ್ಮ ಬದುಕಿನಲ್ಲೇ ತೋರಿಸಿಕೊಟ್ಟವರು ಬೆನೆಗಲ್ ನರಸಿಂಗ ರಾವ್. ಸಂವಿಧಾನ ಶಿಲ್ಪಿ ಎಂದು ದೇಶ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು ಸ್ಮರಿಸುತ್ತದೆ, ಅದು ನ್ಯಾಯವೇ ಆಗಿದೆ. ಆದರೆ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿಯ ಮೇಜಿನ ಮೇಲೆ ಮೊದಲ ದಿನಗಳಲ್ಲಿ ಇದ್ದದ್ದು ಕರಾವಳಿಯ ಈ ಕಾನೂನು ಪಂಡಿತರು ಸಿದ್ಧಪಡಿಸಿದ ಕರಡು. ವಿಶೇಷವೆಂದರೆ, ಆ ಕರಡು ಬರೆದ ರಾಯರಿಗೆ ಸಂವಿಧಾನ ಸಭೆಯಲ್ಲಿ ಒಂದು ಮತವೂ ಇರಲಿಲ್ಲ.

ಮಂಗಳೂರಿನಿಂದ ಕೇಂಬ್ರಿಜ್‌ಗೆ

ರಾಯರು 1887ರ ಫೆಬ್ರವರಿ 26ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಬೆನೆಗಲ್ ರಾಘವೇಂದ್ರ ರಾವ್ ವೈದ್ಯರು. ಬಾಲಕ ನರಸಿಂಗನ ವಿದ್ಯಾಭ್ಯಾಸ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ನಡೆಯಿತು. ಈ ಶಾಲೆಯನ್ನು 1891ರಲ್ಲಿ ಆರಂಭಿಸಿದವರಲ್ಲಿ ಪ್ರಮುಖರು ಅಮ್ಮೆಂಬಳ ಸುಬ್ಬರಾವ್ ಪೈ. ಇಂದಿನ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು 1906ರಲ್ಲಿ ಸ್ಥಾಪಿಸಿದವರೂ ಇವರೇ. ಶಾಲೆ ಮತ್ತು ಬ್ಯಾಂಕು ಎರಡನ್ನೂ ಊರಿನವರೇ ಸೇರಿ ಕಟ್ಟಿಕೊಳ್ಳುತ್ತಿದ್ದ ಕಾಲವದು.

ಮಂಗಳೂರಿನ ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಅಲ್ಲಿ ಅವರು ಗಣಿತದಲ್ಲಿ ಉನ್ನತ ದರ್ಜೆ ಗಳಿಸಿದರು. ಮುಂದೆ ದೇಶದ ಪ್ರಧಾನಿಯಾದ ಜವಾಹರಲಾಲ್ ನೆಹರೂ ಅದೇ ಕಾಲದಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿ. ಐಸಿಎಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಯರು ಬಂಗಾಳಕ್ಕೆ ನೇಮಕಗೊಂಡರು. ಆಡಳಿತಕ್ಕಿಂತ ನ್ಯಾಯಾಂಗದತ್ತ ಒಲವಿದ್ದುದರಿಂದ ಜಿಲ್ಲಾ ನ್ಯಾಯಾಧೀಶರಾದರು. ನಂತರ ಅಸ್ಸಾಂ ಸರಕಾರದ ಶಾಸನ ಇಲಾಖೆಯಲ್ಲಿ ದೀರ್ಘಕಾಲ ದುಡಿದರು.

ಈ ಮನೆಯ ಇನ್ನಿಬ್ಬರು ಸಹೋದರರೂ ದೇಶಕ್ಕೆ ಪರಿಚಿತರು. ಬೆನೆಗಲ್ ರಾಮ ರಾವ್ 1949ರಿಂದ 1957ರ ತನಕ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಮುಂಬಯಿಯಲ್ಲಿದ್ದರು. ಹಣಕಾಸು ಸಚಿವರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ಹುದ್ದೆಗೆ ಅಂಟಿಕೊಳ್ಳದೆ ರಾಜೀನಾಮೆ ಕೊಟ್ಟರು. ಪತ್ರಕರ್ತರಾಗಿದ್ದ ಬೆನೆಗಲ್ ಶಿವ ರಾವ್ ಸಂವಿಧಾನ ಸಭೆಯ ಸದಸ್ಯರಾಗಿದ್ದವರು, 1952ರಲ್ಲಿ ದಕ್ಷಿಣ ಕನ್ನಡದಿಂದ ಮೊದಲ ಲೋಕಸಭೆಗೆ ಆಯ್ಕೆಯಾದವರು.

ಕಾನೂನಿನ ಕಡತಗಳ ನಡುವೆ

1935ರಲ್ಲಿ ಬ್ರಿಟಿಷ್ ಸರಕಾರ ಹೊಸ ಭಾರತ ಆಡಳಿತ ಕಾಯಿದೆಯನ್ನು ತಂದಾಗ, ದೇಶದಲ್ಲಿ ಜಾರಿಯಲ್ಲಿದ್ದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸಬೇಕಾಯಿತು. ಆ ಭಾರೀ ಕೆಲಸ ರಾಯರ ಪಾಲಿಗೆ ಬಂತು. ಅದನ್ನು ಮುಗಿಸಿಕೊಟ್ಟ ಅವರಿಗೆ 1938ರಲ್ಲಿ ಸರ್ ಪದವಿ ಬಂತು. 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಪಂಜಾಬ್ ಮತ್ತು ಸಿಂಧ್ ನಡುವಿನ ಸಿಂಧೂ ನದಿ ನೀರಿನ ವಿವಾದ ಪರಿಶೀಲಿಸಿದ ಆಯೋಗಕ್ಕೂ ಅವರೇ ಅಧ್ಯಕ್ಷರು.

1941ರಲ್ಲಿ ರಚನೆಯಾದ ಹಿಂದೂ ಕಾನೂನು ಸಮಿತಿಗೆ ಕೂಡ ಅವರು ಅಧ್ಯಕ್ಷರಾದರು. ಜನ ಇದನ್ನು ರಾವ್ ಸಮಿತಿ ಎಂದೇ ಕರೆದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು, ಒಬ್ಬ ಗಂಡನಿಗೆ ಒಬ್ಬಳೇ ಹೆಂಡತಿ, ಜಾತಿ ಮೀರಿದ ಮದುವೆಗೆ ಮಾನ್ಯತೆ, ವಿಚ್ಛೇದನಕ್ಕೆ ದಾರಿ, ಇಂಥ ವಿಷಯಗಳು ಆ ಕಾಲಕ್ಕೆ ಬೆಂಕಿಯಿದ್ದಂತೆ. 1945ರಲ್ಲಿ ಸಮಿತಿ ಊರೂರು ಸುತ್ತಿ ಅಭಿಪ್ರಾಯ ಸಂಗ್ರಹಿಸಿತು. ಪರವಾಗಿ ಬಂದವರ ಮಾತನ್ನೂ ವಿರೋಧಿಸಿದವರ ಮಾತನ್ನೂ ಕೇಳಿ ದಾಖಲಿಸಿತು. ಈ ಸುಧಾರಣೆಗಳು ಬಿಡಿಬಿಡಿ ಕಾಯಿದೆಗಳಾಗಿ 1955-56ರಲ್ಲಿ ಜಾರಿಗೆ ಬಂದಾಗ ರಾಯರು ಬದುಕಿರಲಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೇಶದಾದ್ಯಂತ ದೊರೆತದ್ದು 2005ರಲ್ಲಿ. ಸಮಾನತೆ ಎಂಬುದು ಮತಗಟ್ಟೆಯಲ್ಲಿ ಮಾತ್ರವಲ್ಲ, ಮನೆಯೊಳಗೂ ಇರಬೇಕು ಎಂಬ ಪ್ರಜಾಪ್ರಭುತ್ವದ ತತ್ವಕ್ಕೆ ಆ ಸಮಿತಿ ಅಡಿಪಾಯ ಹಾಕಿತ್ತು.

ಸರಕಾರಿ ಸೇವೆಯಿಂದ ನಿವೃತ್ತರಾದ ಮೇಲೆ 1944ರಲ್ಲಿ ರಾಯರು ಜಮ್ಮು-ಕಾಶ್ಮೀರ ಸಂಸ್ಥಾನದ ಪ್ರಧಾನಿಯಾದರು. ಮಹಾರಾಜರೊಂದಿಗೆ ಹೊಂದಾಣಿಕೆಯಾಗದೆ ಮರುವರ್ಷವೇ ಆ ಹುದ್ದೆ ಬಿಟ್ಟರು.

ಸಲಹೆಗಾರನಿಗೆ ಮತವಿಲ್ಲ

ಸ್ವತಂತ್ರ ಭಾರತಕ್ಕೆ ಸಂವಿಧಾನ ರಚಿಸಲು ಸಂವಿಧಾನ ಸಭೆ ಸೇರುವುದೆಂದು 1946ರಲ್ಲಿ ನಿಶ್ಚಯವಾಯಿತು. ಅದರ ಸಂವಿಧಾನ ಸಲಹೆಗಾರರಾಗಿ ಜುಲೈಯಲ್ಲಿ ರಾಯರ ನೇಮಕವಾಯಿತು. ಆಗ ಅವರಿಗೆ 59 ವರ್ಷ. ಈ ಹೊಣೆಯನ್ನು ಅವರು ಗೌರವ ಸೇವೆಯಾಗಿ, ಸಂಬಳ ಪಡೆಯದೆ ನಿರ್ವಹಿಸಿದರು.

ಪ್ರಾಂತ್ಯಗಳಿಂದ ಸಭೆಗೆ ಬಂದ ಸದಸ್ಯರನ್ನು ಪ್ರಾಂತೀಯ ಶಾಸನ ಸಭೆಗಳು ಚುನಾಯಿಸಿದ್ದವು. ರಾಯರು ಚುನಾಯಿತರಲ್ಲ. ಹಾಗಾಗಿ ಅವರು ಸದಸ್ಯರೂ ಅಲ್ಲ. ಸಭೆಯಲ್ಲಿ ಕೈ ಎತ್ತುವ ಅಧಿಕಾರ ಅವರಿಗಿರಲಿಲ್ಲ. ಅವರ ಕೆಲಸ ಬೇರೆಯದೇ. ಬೇರೆ ದೇಶಗಳ ಸಂವಿಧಾನಗಳಲ್ಲಿ ಏನಿದೆ, ಅಲ್ಲಿ ಏನು ಫಲಿಸಿದೆ, ಏನು ಫಲಿಸಿಲ್ಲ ಎಂಬುದನ್ನು ಸಂಗ್ರಹಿಸಿ ಸದಸ್ಯರ ಕೈಗೆ ಪುಸ್ತಿಕೆಗಳನ್ನು ಕೊಟ್ಟರು. 1947ರ ಮಾರ್ಚ್‌ನಲ್ಲಿ ಪ್ರಶ್ನಾವಳಿಯೊಂದನ್ನು ಕಳುಹಿಸಿ ಅಭಿಪ್ರಾಯ ಕೇಳಿದರು. ದೇಶದ ಮುಖ್ಯಸ್ಥನನ್ನು ಏನೆಂದು ಕರೆಯಬೇಕು, ಹೇಗೆ ಆರಿಸಬೇಕು, ಮಂತ್ರಿಮಂಡಲ ಯಾರಿಗೆ ಜವಾಬ್ದಾರ, ಹೀಗೆ ತಳದಿಂದಲೇ ಕೇಳಿದ ಪ್ರಶ್ನೆಗಳವು. ಉತ್ತರ ಹೇಳಬೇಕಾದವರು ಜನಪ್ರತಿನಿಧಿಗಳು. ಅವರು ಬಲ್ಲವರಾಗಿ ಉತ್ತರಿಸುವಂತೆ ಮಾಡುವುದು ಸಲಹೆಗಾರನ ಕೆಲಸ.

ಸಭೆಯ ವಿವಿಧ ಸಮಿತಿಗಳ ತೀರ್ಮಾನಗಳನ್ನು ಒಂದುಗೂಡಿಸಿ ರಾಯರು 1947ರ ಅಕ್ಟೋಬರ್‌ನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು. ಅದರಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಅಷ್ಟರಲ್ಲಿ ಆಗಸ್ಟ್ 29ರಂದು ಅಂಬೇಡ್ಕರ್ ಅವರಿದ್ದ ಏಳು ಮಂದಿಯ ಕರಡು ಸಮಿತಿ ರಚನೆಯಾಗಿತ್ತು. ಸಮಿತಿ ಈ ಕರಡನ್ನು ವಿಧಿ ವಿಧಿಯಾಗಿ ಪರಿಶೀಲಿಸಿ, ತಿದ್ದಿ, ಬೆಳೆಸಿ 315 ವಿಧಿಗಳ ಹೊಸ ಕರಡನ್ನು ಸಭೆಯ ಮುಂದಿಟ್ಟಿತು. ಸಭೆಗೆ 7,635 ತಿದ್ದುಪಡಿ ಸೂಚನೆಗಳು ಬಂದವು, 2,473 ತಿದ್ದುಪಡಿಗಳು ಚರ್ಚೆಗೆ ಬಂದವು. ಕೊನೆಗೆ ಅಂಗೀಕಾರವಾದ ಸಂವಿಧಾನದಲ್ಲಿ 395 ವಿಧಿಗಳಿದ್ದವು.

ಈ ಅಂಕಿಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುವುದುಂಟು. ಅವುಗಳ ಹಿಂದಿನ ಅರ್ಥ ದೊಡ್ಡದು. ದೇಶದ ಅತಿ ನುರಿತ ಕಾನೂನು ತಜ್ಞರೊಬ್ಬರು ಬರೆದದ್ದನ್ನೂ ಜನಪ್ರತಿನಿಧಿಗಳು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಪ್ರತಿ ಸಾಲನ್ನೂ ಪ್ರಶ್ನಿಸಿದರು. ತಜ್ಞ ಸಲಹೆ ಕೊಡಬಹುದು, ತೀರ್ಮಾನ ಜನರ ಪ್ರತಿನಿಧಿಗಳದ್ದು. ಇದು ಪ್ರಜಾಪ್ರಭುತ್ವದ ಮೊದಲ ತತ್ವ.

ಅಮೆರಿಕದಿಂದ ತಂದ ಸಲಹೆ

ಕರಡು ಬರೆದ ಕೂಡಲೇ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ಆಡಳಿತಗಾರರನ್ನೂ ಕಂಡು ಚರ್ಚಿಸಿದರು. ಅಲ್ಲಿಂದ ಅವರು ತಂದ ಸಲಹೆಗಳಲ್ಲಿ ಎರಡು ಮುಖ್ಯ.

ಮೊದಲನೆಯದು ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ನ್ಯಾಯಯುತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಅಮೆರಿಕದ ಮಾದರಿಯ ಮಾತು ಕರಡಿನಲ್ಲಿತ್ತು. ಕಾನೂನೇ ನ್ಯಾಯವಾಗಿದೆಯೇ ಎಂದು ನೋಡುವ ಅಧಿಕಾರ ಇದರಿಂದ ನ್ಯಾಯಾಲಯಕ್ಕೆ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಇದನ್ನು ಬಿಡುವುದೇ ಲೇಸೆಂದರು. ಜನ ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಹೊಂದದು, ನ್ಯಾಯಾಧೀಶರಿಗೂ ಅದು ಹೊರೆ ಎಂಬುದು ಅವರ ವಾದ. ರಾಯರು ಇದನ್ನು ಕರಡು ಸಮಿತಿಗೆ ಮನವರಿಕೆ ಮಾಡಿಕೊಟ್ಟರು. ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಮಾತು 21ನೇ ವಿಧಿಯಲ್ಲಿ ಸೇರಿತು.

ಇದರ ಬಗ್ಗೆ ಸಭೆಯಲ್ಲಿ ತೀವ್ರ ಟೀಕೆ ಬಂತು. ಸರಕಾರ ಕೆಟ್ಟ ಕಾನೂನು ಮಾಡಿ ಜನರನ್ನು ಜೈಲಿಗೆ ಹಾಕಿದರೆ ಯಾರು ಕೇಳುತ್ತಾರೆ ಎಂಬುದು ಸದಸ್ಯರ ಆತಂಕ. ಅದು ಸುಳ್ಳಾಗಲಿಲ್ಲ. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಬಂಧನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಿಧಿಯನ್ನು ಬಹಳ ಸಂಕುಚಿತವಾಗಿ ಅರ್ಥೈಸಿತು. 1978ರಲ್ಲಿ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಆ ಕ್ರಮ ನ್ಯಾಯಯುತವೂ ಆಗಿರಬೇಕು ಎಂದು ಅದೇ ಕೋರ್ಟು ತೀರ್ಪಿತ್ತಿತು. ರಾಯರು ತೆಗೆಸಿದ್ದ ಮಾತಿನ ಸಾರ ಮೂವತ್ತು ವರ್ಷಗಳ ಬಳಿಕ ಬೇರೆ ದಾರಿಯಿಂದ ಒಳಗೆ ಬಂತು. ಈ ಒಂದು ವಿಷಯದಲ್ಲಿ ಕಾಲ ಅವರ ಟೀಕಾಕಾರರ ಕಡೆಗಿತ್ತು ಎನ್ನಬೇಕು.

ಎರಡನೆಯದು ಬಡವರ ಹಿತಕ್ಕೆ ಸಂಬಂಧಿಸಿದ್ದು. ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳು ಒಂದು ಕಡೆ, ಸರಕಾರ ಮಾಡಲೇಬೇಕಾದ ಆದರೆ ನ್ಯಾಯಾಲಯದಲ್ಲಿ ಕೇಳಲಾಗದ ಕರ್ತವ್ಯಗಳು ಇನ್ನೊಂದು ಕಡೆ, ಹೀಗೆ ಎರಡು ಭಾಗ ಮಾಡಲು ಐರ್ಲೆಂಡಿನ 1937ರ ಸಂವಿಧಾನ ಮಾದರಿಯಾಯಿತು. ಮೊದಲನೆಯವು ಮೂಲಭೂತ ಹಕ್ಕುಗಳು, ಎರಡನೆಯವು ನಿರ್ದೇಶಕ ತತ್ವಗಳು. ಇವೆರಡರ ನಡುವೆ ಘರ್ಷಣೆ ಬಂದರೆ ಸಾರ್ವಜನಿಕ ಹಿತದ ನಿರ್ದೇಶಕ ತತ್ವಕ್ಕೆ ಮೇಲುಗೈ ಇರಲಿ ಎಂದು ರಾಯರು ಸೂಚಿಸಿದರು. ಕರಡು ಸಮಿತಿ ಇದನ್ನು ಒಪ್ಪಲಿಲ್ಲ. ರಾಯರು ಮುನಿಸಿಕೊಳ್ಳಲಿಲ್ಲ, ಕೆಲಸ ಮುಂದುವರಿಸಿದರು.

ಅವರು ಎತ್ತಿದ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1971ರಲ್ಲಿ ಸಂಸತ್ತು ತಿದ್ದುಪಡಿ ತಂದು ಕೆಲವು ನಿರ್ದೇಶಕ ತತ್ವಗಳಿಗೆ ಮೇಲುಗೈ ಕೊಟ್ಟಿತು. ಆ ತಿದ್ದುಪಡಿಯೂ ಪರಿಶೀಲನೆಗೆ ಬಂದ ಮೊಕದ್ದಮೆ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರದ್ದು. ಯಕ್ಷಗಾನದ ಪೋಷಕರಾಗಿ ಕರಾವಳಿಯ ಜನರಿಗೆ ಪ್ರಿಯರಾಗಿದ್ದ ಈ ಸ್ವಾಮೀಜಿ 2020ರಲ್ಲಿ ಬ್ರಹ್ಮೈಕ್ಯರಾದರು. ಈ ಮೊಕದ್ದಮೆಯಲ್ಲಿ 13 ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಅದರ ಸಾರ. ಬೆಂಗಳೂರಿನ ಮಿನರ್ವ ಮಿಲ್ಸ್ ಮೊಕದ್ದಮೆಯಲ್ಲಿ 1980ರಲ್ಲಿ, ಹಕ್ಕುಗಳು ಮತ್ತು ನಿರ್ದೇಶಕ ತತ್ವಗಳ ನಡುವಣ ಸಮತೋಲವೇ ಮೂಲ ಸ್ವರೂಪದ ಭಾಗ ಎಂದು ಕೋರ್ಟು ಹೇಳಿತು. ಬಹುಮತವಿದೆಯೆಂದು ಎಲ್ಲವನ್ನೂ ಮಾಡಲಾಗದು. ಇದು ಎರಡನೆಯ ತತ್ವ.

ನಿರ್ದೇಶಕ ತತ್ವ ಬರಿಯ ಹಾರೈಕೆಯಲ್ಲ ಎಂಬುದಕ್ಕೆ ವಿದ್ಯಾರ್ಥಿಗಳ ಪಾಠಪಟ್ಟಿಯೇ ಸಾಕ್ಷಿ. 14 ವರ್ಷದೊಳಗಿನ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 1950ರಲ್ಲಿ ನಿರ್ದೇಶಕ ತತ್ವವಾಗಿ ಬರೆಯಲಾಗಿತ್ತು. 2002ರ ತಿದ್ದುಪಡಿಯಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಅದು ಮೂಲಭೂತ ಹಕ್ಕಾಯಿತು.

ಮತದಾರರ ಪಟ್ಟಿಯಲ್ಲಿ ಎಲ್ಲರ ಹೆಸರು

ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ಇದ್ದವರಿಗಷ್ಟೇ ಮತದಾನದ ಹಕ್ಕು. ಬಡವರಲ್ಲಿ, ಹೆಂಗಸರಲ್ಲಿ ಬಹುಪಾಲು ಜನ ಪಟ್ಟಿಯ ಹೊರಗಿದ್ದರು. ಸಂವಿಧಾನ ಇನ್ನೂ ಅಂಗೀಕಾರವಾಗುವ ಮೊದಲೇ, 1947ರ ಕೊನೆಯ ತಿಂಗಳುಗಳಲ್ಲಿ, ರಾಯರ ಸಲಹೆಯಂತೆ ನಡೆಯುತ್ತಿದ್ದ ಸಂವಿಧಾನ ಸಭೆಯ ಸಚಿವಾಲಯ ಎಲ್ಲ ವಯಸ್ಕರ ಮತದಾರರ ಪಟ್ಟಿಯ ಸಿದ್ಧತೆಗೆ ಕೈಹಾಕಿತು. 1948ರ ಮಾರ್ಚ್‌ನಲ್ಲಿ ಪ್ರಾಂತ್ಯಗಳಿಗೆ ಸೂಚನೆ ಹೋಯಿತು. 21 ತುಂಬಿದ, ಒಂದೂರಿನಲ್ಲಿ ವರ್ಷದಲ್ಲಿ ಕನಿಷ್ಠ 180 ದಿನ ನೆಲೆಸಿದ ಪ್ರತಿಯೊಬ್ಬರನ್ನೂ ಬರೆದುಕೊಳ್ಳಬೇಕಿತ್ತು.

ಆಗ ದೇಶ ವಿಭಜನೆಯ ಗಾಯದಲ್ಲಿತ್ತು. ಮನೆಮಠ ಬಿಟ್ಟು ಬಂದ ನಿರಾಶ್ರಿತರು 180 ದಿನದ ಲೆಕ್ಕ ಎಲ್ಲಿಂದ ತೋರಿಸಬೇಕು? ಕೆಲವೆಡೆ ಅಧಿಕಾರಿಗಳು ಅವರ ಹೆಸರು ಬರೆಯಲು ಒಪ್ಪಲಿಲ್ಲ. ಆಗ ಜನರ ಸಂಘ-ಸಂಸ್ಥೆಗಳು ಸಚಿವಾಲಯಕ್ಕೆ ಪತ್ರ ಬರೆದವು. ಪತ್ರಗಳು ಕಸದ ಬುಟ್ಟಿ ಸೇರಲಿಲ್ಲ. ಇಲ್ಲೇ ಖಾಯಂ ಆಗಿ ನೆಲೆಸುತ್ತೇವೆಂದು ಘೋಷಣೆ ಕೊಟ್ಟರೆ ನಿರಾಶ್ರಿತರ ಹೆಸರನ್ನು ಸೇರಿಸಿಕೊಳ್ಳಿ ಎಂದು ಆದೇಶ ಹೊರಟಿತು. ಒಂದು ಸಾಮಾನ್ಯ ಸಂಘದ ಪತ್ರಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಹೊರನಾಡಿನ ಕನ್ನಡಿಗರು ಇದರಿಂದ ತಿಳಿಯಬೇಕು.

ಮೊದಲ ಮಹಾಚುನಾವಣೆ 1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿ ತನಕ ನಡೆಯಿತು. ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಹೆಚ್ಚಿನವರಿಗೆ ಓದುಬರಹ ಬಾರದು, ಅದಕ್ಕಾಗಿಯೇ ಪಕ್ಷಗಳಿಗೆ ಚಿಹ್ನೆ ಕೊಡಲಾಯಿತು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದದ್ದು ಮಾತ್ರ ಬೇಸರದ ಸಂಗತಿ. ಮುಂದಿನ ಚುನಾವಣೆಗಳಲ್ಲಿ ಈ ಲೋಪ ಬಹುಮಟ್ಟಿಗೆ ಸರಿಹೋಯಿತು. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ತಿದ್ದುಪಡಿ 1989ರಲ್ಲಿ ಜಾರಿಗೆ ಬಂತು. ಮಿಲ್ಲಿನ ಮಾಲೀಕನಿಗೂ ಒಂದೇ ಮತ, ಹೋಟೆಲಿನ ಮಾಣಿಗೂ ಒಂದೇ ಮತ. ಇದು ಮೂರನೆಯ ತತ್ವ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ದಿಲ್ಲಿ ಸೇರಿದವರಿಗೆ ಇನ್ನೊಂದು ಹಕ್ಕು ಇದಕ್ಕಿಂತ ಕಡಿಮೆಯದ್ದಲ್ಲ. ದೇಶದ ಯಾವ ಭಾಗಕ್ಕೂ ಹೋಗುವ, ಅಲ್ಲಿ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಡುತ್ತದೆ. ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೇ ವಿಧಿ ಕೊಡುತ್ತದೆ. ಹೊರನಾಡಿನಲ್ಲಿ ಕನ್ನಡ ಶಾಲೆ, ಕನ್ನಡ ಸಂಘ, ಯಕ್ಷಗಾನ ಮಂಡಳಿ ನಡೆಯುತ್ತಿರುವುದು ಯಾರದೋ ಕೃಪೆಯಿಂದಲ್ಲ, ಹಕ್ಕಿನಿಂದ.

ವಿಶ್ವದ ವೇದಿಕೆಯಲ್ಲಿ

1947ರಲ್ಲಿ ಬರ್ಮಾ ದೇಶದ ಸಂವಿಧಾನ ರಚನೆಗೂ ರಾಯರು ನೆರವಾದರು. ನಂತರ ಅವರ ಸೇವೆ ವಿಶ್ವಸಂಸ್ಥೆಗೆ ಸಂದಿತು. ಅಲ್ಲಿ ಭಾರತದ ಖಾಯಂ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠದಲ್ಲಿ ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ನಿಧನರಾದರು. ಸಂವಿಧಾನದ ಕುರಿತ ಅವರ ಬರಹಗಳನ್ನು ತಮ್ಮ ಶಿವ ರಾವ್ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದರು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ತಮ್ಮ ಕೊನೆಯ ಭಾಷಣ ಮಾಡಿದ ಅಂಬೇಡ್ಕರ್, ತಮಗೆ ಸಲ್ಲುತ್ತಿರುವ ಶ್ರೇಯಸ್ಸಿನಲ್ಲಿ ಒಂದು ಪಾಲು ರಾಯರಿಗೆ ಸೇರಬೇಕೆಂದು ಎಲ್ಲರೆದುರು ಹೇಳಿದರು. ಮರುದಿನ ಅಧ್ಯಕ್ಷ ರಾಜೇಂದ್ರ ಪ್ರಸಾದರೂ ಅವರ ಸೇವೆಯನ್ನು ಸ್ಮರಿಸಿದರು. ಕೆಲಸ ಮಾಡಿದವನನ್ನು ಮರೆಯದೆ ನೆನೆದದ್ದು ಆ ನಾಯಕರ ದೊಡ್ಡತನ.

ಸಂಘದ ಮಹಾಸಭೆಯಲ್ಲೂ ಇದೇ ಪಾಠ

ರಾಯರ ಬದುಕಿನ ಪಾಠ ಸಂಸತ್ತಿಗೆ ಮಾತ್ರ ಸೀಮಿತವಲ್ಲ. ಪ್ರತಿಯೊಂದು ಕನ್ನಡ ಸಂಘಕ್ಕೂ ಒಂದು ನಿಯಮಾವಳಿ ಇರುತ್ತದೆ. ವಾರ್ಷಿಕ ಮಹಾಸಭೆಗೆ ಮುಂಚಿತವಾಗಿ ನೋಟೀಸು ಹೋಗುತ್ತದೆ, ಕೋರಂ ನೋಡಲಾಗುತ್ತದೆ, ಕಳೆದ ಸಭೆಯ ವರದಿ ಓದಲಾಗುತ್ತದೆ, ಆಡಿಟ್ ಆದ ಲೆಕ್ಕಪತ್ರ ಮಂಡನೆಯಾಗುತ್ತದೆ, ಚುನಾವಣೆ ನಡೆಯುತ್ತದೆ. ಇವು ಶಾಸ್ತ್ರಕ್ಕೆ ಮಾಡುವ ವಿಧಿಗಳಲ್ಲ. ಅಧ್ಯಕ್ಷರೂ ನಿಯಮಕ್ಕೆ ಒಳಪಟ್ಟವರು, ಕೊನೆಯ ಸಾಲಿನಲ್ಲಿ ಕುಳಿತ ಸದಸ್ಯನೂ ಲೆಕ್ಕ ಕೇಳಬಹುದು ಎಂಬುದೇ ಇವುಗಳ ಅರ್ಥ. ತಮ್ಮ ಸೂಚನೆ ಬಿದ್ದುಹೋಯಿತೆಂದು ಸಂಘ ಒಡೆದು ಇನ್ನೊಂದು ಕಟ್ಟುವವರು, ಸಲಹೆ ತಿರಸ್ಕೃತವಾದ ಮೇಲೂ ಕೆಲಸ ಬಿಡದ ರಾಯರನ್ನು ಒಮ್ಮೆ ನೆನೆಯಬೇಕು.

ಮಕ್ಕಳಿಗೆ ಈ ಪಾಠ ಕಲಿಸಲು ದೊಡ್ಡ ವೆಚ್ಚ ಬೇಕಿಲ್ಲ. ಮಹಾಸಭೆಯ ದಿನ ಶಾಲೆ-ಕಾಲೇಜಿನ ವಿದ್ಯಾರ್ಥಿಗಳನ್ನೂ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರೆ, ಪ್ರಶ್ನೆ ಹೇಗೆ ಕೇಳಬೇಕು, ಉತ್ತರ ಹೇಗೆ ಕೊಡಬೇಕು, ಸೋತಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರು ಕಣ್ಣಾರೆ ನೋಡುತ್ತಾರೆ. ನವೆಂಬರ್ 26ರ ಸಂವಿಧಾನ ದಿನದಂದು ಸಂಘಗಳು ಅಂಬೇಡ್ಕರ್ ಅವರ ಭಾವಚಿತ್ರಕ್ಕೆ ಹಾರ ಹಾಕುವಾಗ, ಪಕ್ಕದಲ್ಲಿ ಕರಾವಳಿಯ ಈ ಮಗನ ಭಾವಚಿತ್ರವನ್ನೂ ಇಟ್ಟರೆ ಅದು ಸಲ್ಲಬೇಕಾದ ಗೌರವವೇ ಸರಿ.